ಗೋಡೆಗೆ ಕಿವಿಗೊಟ್ಟ ಮರಳುನೊಣ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳ ನೆತ್ತಿ ಆರಿರಲಿಲ್ಲ. ಹೊಳೆಗೆ ತಾನು ಯಾವ ಕಡೆ ಹರಿಯಬೇಕೆಂದು ಗೊತ್ತಾಗಿರಲಿಲ್ಲ. ಒಂದು ದಿನ ಈ ಕಡೆ ಹರಿದು ನೋಡುತ್ತಿತ್ತು, ಒಂದು ದಿನ ಆ ಕಡೆ. ಗಾಳಿಗೆ ಬಾಗಿಲು ಎಂದರೇನೆಂದು ತಿಳಿದಿರಲಿಲ್ಲ. ಎಲ್ಲೂ ಮನೆಗಳೇ ಇರಲಿಲ್ಲವಲ್ಲ.

ಆ ಹೊಳೆಯ ದಂಡೆಯಲ್ಲಿ ಒಂದು ಮರಳುನೊಣವಿತ್ತು. ಸೊಳ್ಳೆ ಪಕ್ಕಕ್ಕೆ ಬಂದು ನಿಂತರೆ ಸೊಳ್ಳೆಯೇ ಹಕ್ಕಿಯ ಹಾಗೆ ಕಾಣಬೇಕು, ಅಷ್ಟು ಚಿಕ್ಕದು. ಬಣ್ಣ ಮರಳಿನದು. ಮೈಮೇಲೆ, ಕಾಲಮೇಲೆ, ರೆಕ್ಕೆಯ ಅಂಚಿನಲ್ಲಿ ಕೂಡ ನವಿರಾದ ಕೂದಲು. ಅಕ್ಕಿಯ ನುಚ್ಚಿನ ಹಾಗಿದ್ದ ಅವಳನ್ನು ಎಲ್ಲರೂ ನುಚ್ಚಿ ಎಂದೇ ಕರೆಯುತ್ತಿದ್ದರು.

ನುಚ್ಚಿಗೆ ಆಗ ದನಿಯಿತ್ತು. ಸೊಳ್ಳೆಯ ಹಾಗೆ ಕಿವಿ ಕೊರೆಯುವ ದನಿಯಲ್ಲ, ದುಂಬಿಯ ಹಾಗೆ ಗುಡುಗುವ ದನಿಯೂ ಅಲ್ಲ. ಮಲಗಿದ ಮಗುವಿಗೆ ತಾಯಿ ಬಾಯಿ ಮುಚ್ಚಿಕೊಂಡು ಗುನುಗುತ್ತಾಳಲ್ಲ, ಅಂಥದ್ದು.

ಅವಳು ತಾನಾಗಿ ಹಾರುತ್ತಿದ್ದುದು ಕಡಿಮೆ. ಗಾಳಿಯ ಬೆನ್ನೇರಿ ಬೆಟ್ಟ ಬಯಲು ತಿರುಗುತ್ತಿದ್ದಳು. ಹೂವಿನ ರಸ ಕುಡಿಯುತ್ತಿದ್ದಳು, ಎಲೆಯ ಮೇಲಿನ ಸಿಹಿ ಅಂಟು ನೆಕ್ಕುತ್ತಿದ್ದಳು.

"ಏನೇ ನುಚ್ಚಿ, ನೀನು ಬೆನ್ನ ಮೇಲಿದ್ದೀಯೋ ಬಿದ್ದುಹೋದೆಯೋ ನನಗೆ ಗೊತ್ತೇ ಆಗಲ್ಲ. ಹಾಡ್ತಾ ಇರು, ಅಷ್ಟೇ ನಿನ್ನ ಬಾಡಿಗೆ," ಎನ್ನುತ್ತಿತ್ತು ಗಾಳಿ.

ನುಚ್ಚಿ ಹಾಡುತ್ತಿದ್ದಳು. ಗಾಳಿ ನಗುತ್ತಿತ್ತು.

ಹೀಗಿರುವಾಗ ನುಚ್ಚಿಗೆ ಮೊಟ್ಟೆ ಇಡುವ ಹೊತ್ತು ಬಂತು. ಮೊದಲ ಸಲ. ಎಲ್ಲಿಡುವುದು? ಅವಳು ಹೊಳೆಯ ಬಳಿ ಹೋದಳು.

"ಹೊಳೆಯವ್ವ, ನನ್ನ ಮೊಟ್ಟೆಗೆ ಒಂದಿಷ್ಟು ಜಾಗ ಕೊಡು."

"ನಿನ್ನ ಮಕ್ಕಳಿಗೆ ಈಜು ಬರಲ್ಲ ಕಣೇ. ಸೊಳ್ಳೆಯ ಮಕ್ಕಳಾದರೆ ಸರಿ, ತಲೆಕೆಳಗಾಗಿ ತೇಲಿಕೊಂಡಿರ್ತವೆ. ನಿನ್ನವು ಒಂದೇ ಗುಟುಕಿಗೆ ಮುಳುಗ್ತವೆ. ಒದ್ದೆ ಬೇಕು, ಆದರೆ ನೀರು ಬೇಡ; ಅಂಥ ಜಾಗ ನೋಡು," ಎಂದಿತು ಹೊಳೆ.

ಒದ್ದೆ ಇರಬೇಕು, ನೀರು ಇರಬಾರದು. ಅಂಥ ಜಾಗ ಇದ್ದುದು ಹುತ್ತದ ಬುಡದಲ್ಲಿ. ಗೆದ್ದಲುಗಳು ಕಟ್ಟಿದ ಹುತ್ತ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಒಳಗೆ ಕತ್ತಲೆ. ಮಣ್ಣು ಯಾವಾಗಲೂ ನೆನೆದ ಹಾಗೆ.

"ಇಡಮ್ಮ, ಇಡು. ಇಷ್ಟು ದೊಡ್ಡ ಮನೆಯಲ್ಲಿ ನಿನ್ನ ನಾಲ್ಕು ಮೊಟ್ಟೆ ಭಾರವಾ?" ಎಂದಿತು ಮುದಿ ಗೆದ್ದಲು.

ನುಚ್ಚಿ ಮೊಟ್ಟೆಗಳನ್ನಿಟ್ಟಳು. ಸ್ವಲ್ಪ ಹೊತ್ತು ಅವುಗಳ ಪಕ್ಕ ಕೂತು ಹಾಡಿದಳು. ಹಸಿವಾಯಿತು. ಹೊಂಗೆ ಹೂ ಬಿಟ್ಟಿದೆಯೆಂದು ಗಾಳಿ ಕರೆಯಿತು. ಇದೋ ಬಂದೆ ಎಂದು ಮೊಟ್ಟೆಗಳಿಗೆ ಹೇಳಿ ಹೊರಟಳು.

ಅವಳು ತಿರುಗಿ ಬಂದಾಗ ಹುತ್ತದ ಬುಡ ಇರಲಿಲ್ಲ.

ಅಲ್ಲೊಂದು ಗುಳಿ ಇತ್ತು. ಗುಳಿಯ ಅಂಚಿನಲ್ಲಿ ಬೆರಳಿನ ಗುರುತುಗಳಿದ್ದವು. ಗೆದ್ದಲುಗಳು ಸಾಲಾಗಿ ಮಣ್ಣು ಹೊತ್ತು ಗುಳಿಯನ್ನು ಮುಚ್ಚುತ್ತಿದ್ದವು.

"ಯಾರು? ಯಾರು ತೆಗೆದರು?"

"ಮಾಳವ್ವ ಅಂತ, ಎರಡು ಕಾಲಿನವಳು," ಎಂದಿತು ಮುದಿ ಗೆದ್ದಲು. "ಬಹಳ ಮರ್ಯಾದೆಯವಳು ಕಣೇ. ಹಾಲು ಎರೆದಳು, ಕೈ ಮುಗಿದಳು. ಮಗಳಿಗೊಂದು ಮನೆ ಕಟ್ಟಬೇಕು, ಮಣ್ಣು ಕೊಡ್ತೀರಾ ಅಂತ ಕೇಳಿದಳು. ಮೇಲಿಂದ ತಗೋ ಅಂದೆವು."

"ಮೇಲಿಂದ ತಗೊಂಡಿಲ್ಲವಲ್ಲ!"

"ಮೇಲಿನದು ಒಣಗಿತ್ತು. ಬುಡದ್ದು ನುಣುಪು, ಬೆಣ್ಣೆಯ ಹಾಗೆ. ಅವಳ ಕೈ ಅಲ್ಲಿಗೇ ಹೋಯಿತು."

"ಅಲ್ಲಿ ನನ್ನ ಮೊಟ್ಟೆ ಇದ್ದವು ಅಂತ ಹೇಳಬಾರದಿತ್ತಾ?"

ಮುದಿ ಗೆದ್ದಲು ಮೀಸೆ ಒರೆಸಿಕೊಂಡಿತು. "ಅವಳು ಮಣ್ಣಿನ ವಿಷಯ ಕೇಳಿದಳು. ಮೊಟ್ಟೆಯ ವಿಷಯ ಕೇಳಲಿಲ್ಲ."

ಮಾಳವ್ವ ಹುತ್ತ ಕಟ್ಟಿದವರನ್ನು ಕೇಳಿದ್ದಳು. ಅದರಲ್ಲಿ ಇಳಿದುಕೊಂಡವರನ್ನು ಕೇಳಿರಲಿಲ್ಲ.

ನುಚ್ಚಿ ಮಣ್ಣಿನ ವಾಸನೆ ಹಿಡಿದು ಹೋದಳು. ಹುಣಸೆಮರದ ಆಚೆ, ಯಾರೂ ಹಿಂದೆಂದೂ ಕಾಣದ ಒಂದು ವಸ್ತು ನಿಂತಿತ್ತು. ನಾಲ್ಕು ಗೋಡೆ, ಮೇಲೆ ಹುಲ್ಲು. ಅದೇ ಲೋಕದ ಮೊದಲ ಮನೆ. ಅದರ ಮುಂದೆ ಒಬ್ಬ ಹೆಂಗಸು ಮೊಣಕೈವರೆಗೆ ಕೆಸರಾಗಿ ನಿಂತು, ತಾನು ಕಟ್ಟಿದ್ದನ್ನು ತಾನೇ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು ಸಂಕಿ. ಹುಡುಗಿ ಕೆಮ್ಮುತ್ತಿದ್ದಳು.

ನುಚ್ಚಿ ಮಾಳವ್ವನ ಹೆಗಲ ಮೇಲೆ ಇಳಿದಳು.

"ಅವ್ವಾ, ನನ್ನ ಮಕ್ಕಳು."

ಮಾಳವ್ವ ಹಿಂದೆ ಮುಂದೆ ನೋಡಿದಳು. "ಯಾರು ಮಾತಾಡಿದ್ದು?"

"ನಿನ್ನ ಹೆಗಲ ಮೇಲೆ ಒಂದು ನುಚ್ಚು ಕೂತಿದೆ ಕಣವ್ವ, ಅದೇ ಮಾತಾಡ್ತಿದೆ," ಎಂದಳು ಸಂಕಿ. ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ಮೈತುಂಬ ಉಣ್ಣೆ! ಏ, ನೀನು ಕುರಿಮರಿನಾ?"

ನುಚ್ಚಿ ನಡೆದದ್ದನ್ನು ಹೇಳಿದಳು. ಮಾಳವ್ವ ಕೆಸರು ಕೈಯನ್ನೇ ಬಾಯಿಗೆ ಅಡ್ಡ ಹಿಡಿದಳು.

"ಅಯ್ಯೋ ನನ್ನ ತಾಯಿ. ಬುಡದ ಮಣ್ಣು ಕೊನೇ ಬುಟ್ಟಿಯಲ್ಲಿತ್ತು. ಅದನ್ನ ತುಳೀಲಿಲ್ಲ, ನೀರೂ ಹಾಕಲಿಲ್ಲ. ಹಾಗೇ ಗೋಡೆಗೆ ಮೆತ್ತಿದೆ."

"ಹಾಗಾದರೆ ಬದುಕಿರಬಹುದು. ಯಾವ ಗೋಡೆ?"

"ಯಾವುದು ಅಂತ ಹೇಳಲಿ? ಒಂದು ಹಿಡಿ ಇಲ್ಲಿ, ಒಂದು ಹಿಡಿ ಅಲ್ಲಿ."

"ಒಡೆದುಕೊಡು ಅವ್ವಾ."

ಮಾಳವ್ವ ಆಕಾಶ ನೋಡಿದಳು. ಬೆಟ್ಟದ ಹಿಂದೆ ಮೋಡ ಏಳುತ್ತಿತ್ತು. ಮಗಳ ಕಡೆ ನೋಡಿದಳು. ಹೋದ ಮಳೆಗಾಲ ಮರದಡಿ ನೆನೆದು ಹತ್ತಿದ ಕೆಮ್ಮು ಇನ್ನೂ ಬಿಟ್ಟಿರಲಿಲ್ಲ.

"ಮಳೆ ಮುಗೀಲಿ ಕಣವ್ವ. ಮಳೆ ಮುಗಿದ ಮಾರನೇ ದಿನ ನನ್ನ ಕೈಯಾರೆ ಒಡೆದು ಕೊಡ್ತೀನಿ." ಅವಳು ಸಂಕಿಯ ನೆತ್ತಿಯ ಮೇಲೆ ಕೈಯಿಟ್ಟಳು. "ಇವಳ ಮೇಲಾಣೆ."

ಮಗಳ ಮೇಲೆ ಆಣೆಯಿಟ್ಟವರನ್ನು ನಂಬದೆ ಇರುವುದು ಹೇಗೆ? ನುಚ್ಚಿ ನಂಬಿದಳು.

ಮಳೆ ಬಂತು. ಮನೆಯೊಳಗೆ ಮಾಳವ್ವ, ಸಂಕಿ, ಗೋಡೆಯ ಮೇಲೆ ನುಚ್ಚಿ. ಅವಳು ಗೋಡೆಯುದ್ದಕ್ಕೂ ಕೂತು ಕೂತು ಹಾಡಿದಳು. ಮಕ್ಕಳೇ, ಇಲ್ಲಿದ್ದೀನಿ. ಮಕ್ಕಳೇ, ಇಲ್ಲಿದ್ದೀನಿ.

ಗೋಡೆ ಹೊಸದು, ಅದಕ್ಕೆ ಮಾತೂ ಹೊಸದು. ಅದು ನಿಧಾನವಾಗಿ ಹೇಳಿತು: "ನನ್ನೊಳಗೆ ಏನೋ ಮಿಸುಕುತ್ತೆ."

"ಎಲ್ಲಿ? ಎಲ್ಲಿ?"

"ನಿನಗೆ ಬೆನ್ನು ತುರಿಸಿದರೆ ಎಲ್ಲಿ ಅಂತ ಗೊತ್ತಾಗುತ್ತಾ? ನನಗೆ ಮೈಯೆಲ್ಲ ಬೆನ್ನೇ." ಗೋಡೆ ಯೋಚಿಸಿತು. "ನೀನು ಹಾಡ್ತಾನೇ ಇದ್ದೀಯ. ಅವುಗಳ ದನಿ ನಿನ್ನದಕ್ಕಿಂತ ಚಿಕ್ಕದಿರಬೇಕು. ನೀನು ಸುಮ್ಮನಾದರೆ ಕೇಳಿಸಬಹುದು. ನಾನೂ ಸುಮ್ಮನಿರ್ತೀನಿ."

ಸರಿಯಾದ ಮಾತು ಅನ್ನಿಸಿತು. ನುಚ್ಚಿ ಹಾಡು ನಿಲ್ಲಿಸಿದಳು. ಗೋಡೆಗೆ ಕಿವಿಗೊಟ್ಟಳು.

ಮಣ್ಣು ಆರುತ್ತ ಬಂದ ಹಾಗೆ ಗೋಡೆಯಲ್ಲಿ ಬಿರುಕುಗಳು ಮೂಡಿದವು. ಮೊದಲು ಕೂದಲೆಳೆಯಷ್ಟು, ಆಮೇಲೆ ಹುಲ್ಲುಕಡ್ಡಿಯಷ್ಟು. ಒಂದೊಂದು ಬಿರುಕು ಬಿಟ್ಟಾಗಲೂ ನುಚ್ಚಿ ಒಳಗೆ ಇಳಿದಳು. ಕೇಳಿದಳು. ಏನೂ ಇಲ್ಲ. ಹೊರಗೆ ಬಂದಳು. ಮುಂದಿನ ಬಿರುಕು. ಕೇಳಿದಳು. ಏನೂ ಇಲ್ಲ.

ಸಂಕಿಯೂ ಅವಳ ಪಕ್ಕದಲ್ಲಿ ಗೋಡೆಗೆ ಕಿವಿ ಹಚ್ಚುತ್ತಿದ್ದಳು.

"ನುಚ್ಚೀ, ನನಗೇನೋ ಕೇಳಿಸ್ತು!"

"ಏನು?"

"ನನ್ನ ಹೊಟ್ಟೆ ಗುರ್ ಅಂತು," ಎಂದು ಹುಡುಗಿ ನಕ್ಕಳು. ನುಚ್ಚಿಗೂ ನಗು ಬಂತು. ಮಕ್ಕಳು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಗಾಳಿ ಬಂದು ಬಾಗಿಲಲ್ಲಿ ನಿಂತು ಕರೆಯಿತು. "ಬಾರೇ ನುಚ್ಚಿ, ಬೆಟ್ಟದಾಚೆ ಕಕ್ಕೆ ಹೂ ಬಿಟ್ಟಿದೆ."

ನುಚ್ಚಿಗೂ ಹೋಗಬೇಕೆನ್ನಿಸಿತು. ಗಾಳಿಯ ಬೆನ್ನು, ಕೆಳಗೆ ಓಡುವ ಹೊಳೆ, ಹಳದಿ ಹೂವಿನ ವಾಸನೆ. ಅವಳು ರೆಕ್ಕೆಗಳನ್ನು ಮೇಲಕ್ಕೆ ಎತ್ತಿದಳು. ಎತ್ತಿದ ಹಾಗೇ ನಿಂತಳು. ತಾನು ಅತ್ತ ಹೋದ ಹೊತ್ತಿನಲ್ಲೇ ಇತ್ತ ಮಕ್ಕಳು ಕರೆದರೆ?

"ಇವತ್ತು ಬೇಡ ಗಾಳಿಯಣ್ಣ."

ಮರುದಿನವೂ ಕರೆಯಿತು. ಮರುದಿನವೂ ರೆಕ್ಕೆ ಎತ್ತಿದಳು, ಮರುದಿನವೂ ನಿಂತಳು. ಹೀಗೇ ನಡೆಯಿತು. ಕೊನೆಗೆ ಗಾಳಿಗೆ ಸಿಟ್ಟು ಬಂತು.

"ನನಗಿಂತ ಆ ಮಣ್ಣು ಹೆಚ್ಚಾಯ್ತಾ? ಇರು ಅಲ್ಲೇ. ಇನ್ನು ನನ್ನ ಬೆನ್ನ ಮೇಲೆ ನಿನಗೆ ಜಾಗವಿಲ್ಲ. ನಾನು ಬೀಸುವಾಗ ಹೊರಗೆ ಬಂದರೆ ಎತ್ತಿ ಒಗೀತೀನಿ."

ಅಂದಿನಿಂದ ನುಚ್ಚಿಗೆ ದೂರ ಹಾರಲು ಆಗಲಿಲ್ಲ. ಗೋಡೆಯ ಮೇಲೆ ಇಲ್ಲಿಂದ ಅಲ್ಲಿಗೆ ಪುಟ್ಟ ಪುಟ್ಟ ನೆಗೆತ, ಅಷ್ಟೇ.

ಹೂಗಳು ದೂರವಾದವು. ಅವಳು ದಿನದಿನಕ್ಕೆ ಸೊರಗಿದಳು. ಒಂದು ಮುಸ್ಸಂಜೆ ಮಾಳವ್ವ ದೀಪ ಹಚ್ಚುವಾಗ ಅವಳನ್ನು ನೋಡಿದಳು.

"ಏನು ತಿಂದೆ ಇವತ್ತು?"

ನುಚ್ಚಿ ಗೋಡೆಗೇ ಕಿವಿಗೊಟ್ಟಿದ್ದಳು.

ಮಾಳವ್ವ ದೀಪ ಕೆಳಗಿಟ್ಟಳು. ಅವಳ ಬಳಿ ಹೂ ಇರಲಿಲ್ಲ. ಸೆರಗು ಸರಿಸಿ ತೋಳು ಚಾಚಿದಳು. "ನನ್ನ ಹತ್ತಿರ ಇರೋದು ಇದೇ. ಒಂದು ಹನಿ ತಗೋ."

ನುಚ್ಚಿ ಒಂದು ಹನಿ ರಕ್ತ ಕುಡಿದಳು. ಬೆಚ್ಚಗಿತ್ತು. ಆ ಹನಿಯಿಂದ ಅವಳ ಹೊಟ್ಟೆಯಲ್ಲಿ ಮತ್ತೆ ಮೊಟ್ಟೆಗಳು ತುಂಬಿಕೊಂಡವು. ಅವುಗಳನ್ನು ಗೋಡೆಯ ಬುಡದ ಒದ್ದೆ ಮಣ್ಣಿನಲ್ಲಿಟ್ಟಳು. ಆದರೂ ಮನಸ್ಸು ಮೊದಲಿನವುಗಳ ಮೇಲೇ ಇತ್ತು. ಗಂಡು ಮರಳುನೊಣಗಳು ಆ ಮನೆಯ ಋಣಕ್ಕೆ ಬೀಳಲಿಲ್ಲ. ಅವು ಹೂವಿನ ರಸ, ಎಲೆಯ ಸಿಹಿಯಲ್ಲೇ ಉಳಿದವು.

ಮಳೆ ಮುಗಿಯಿತು. ನುಚ್ಚಿ ಮಾಳವ್ವನ ಹೆಗಲ ಮೇಲೆ ಕೂತು ಕಾದಳು.

ಮಾಳವ್ವ ಗುದ್ದಲಿ ಎತ್ತಿಕೊಂಡಳು. ಮಗಳು ಮಲಗಿದ್ದ ಕಡೆ ನೋಡಿದಳು. ಕೆಮ್ಮು ಹೋಗಿತ್ತು. ಕೆನ್ನೆ ತುಂಬಿಕೊಂಡಿತ್ತು. ಮಾಳವ್ವ ಗುದ್ದಲಿ ಕೆಳಗಿಟ್ಟಳು.

"ಚಳಿ ಕಳೀಲಿ ಕಣವ್ವ."

ಚಳಿ ಕಳೆಯಿತು.

"ಬಿಸಿಲು ಇಳೀಲಿ ಕಣವ್ವ."

ಬಿಸಿಲಿನ ಕೊನೆಯ ದಿನಗಳಲ್ಲಿ ನುಚ್ಚಿ ಬಾಗಿಲ ಬಳಿಯ ಗಿಡದ ಸಿಹಿ ಅಂಟಿಗೆಂದು ಹೊರಗೆ ಹೋದಳು. ತಿರುಗಿ ಬಂದಾಗ ಮನೆಯೊಳಗೆ ಹಸಿ ಸಗಣಿಯ, ಹಸಿ ಮಣ್ಣಿನ ವಾಸನೆ. ಗೋಡೆ ನುಣ್ಣಗಿತ್ತು. ಒಂದೂ ಬಿರುಕು ಇರಲಿಲ್ಲ.

ಮಾಳವ್ವ ಮೂಲೆಯಲ್ಲಿ ಕೈ ತೊಳೆಯುತ್ತಿದ್ದಳು. ಅವಳು ತಲೆಯೆತ್ತಲಿಲ್ಲ.

"ಬಿರುಕು ಹಾಗೇ ಬಿಟ್ಟರೆ ಗೋಡೆ ಬೀಳುತ್ತೆ ನುಚ್ಚಿ."

"ಬೀಳಲಿ ಅಂತ ತಾನೇ ಮಾತಾಗಿದ್ದು?"

"ಮತ್ತೆ ಮಳೆ ಬರ್ತಿದೆ. ನಿನಗೂ ಹೊಸ ಮೊಟ್ಟೆ ಆದವಲ್ಲ."

"ನಿನಗೆ ಇನ್ನೊಂದು ಮಗಳು ಹುಟ್ಟಿದರೆ ಸಂಕಿಯನ್ನ ಗೋಡೆಗೆ ಮೆತ್ತುತ್ತೀಯಾ?"

ಮಾಳವ್ವ ಅತ್ತಳು. ಅತ್ತಳು, ಆದರೆ ಮೆತ್ತಿದ ಮಣ್ಣನ್ನು ಕೆರೆಯಲಿಲ್ಲ.

ನುಚ್ಚಿ ಆ ಮನೆ ಬಿಟ್ಟಳು. ಅಷ್ಟು ಹೊತ್ತಿಗೆ ಮಾಳವ್ವನ ಮನೆ ನೋಡಿ ಬೇರೆಯವರೂ ಮನೆ ಕಟ್ಟಿಕೊಂಡಿದ್ದರು. ಅವರೂ ಹುತ್ತದ ಮಣ್ಣನ್ನೇ ತಂದಿದ್ದರು. ಯಾರಿಗೆ ಗೊತ್ತು, ತನ್ನ ಮಕ್ಕಳು ಆ ಗೋಡೆಗಳಲ್ಲಿದ್ದರೆ? ನುಚ್ಚಿ ಅಲ್ಲಿಗೂ ಹೋದಳು. ಕೇಳಿದಳು. ಏನೂ ಇಲ್ಲ. ದನದ ಕೊಟ್ಟಿಗೆಗೆ ಹೋದಳು. ಕೇಳಿದಳು. ಏನೂ ಇಲ್ಲ. ಮರದ ಪೊಟರೆ, ಕಲ್ಲಿನ ಸಂದು, ಹೊಲದ ಬದುವಿನ ಬಿಲ.

ಆ ಬಿಲದೊಳಗೆ ಒಂದು ಇಲಿ ಮಲಗಿತ್ತು. ಅದರ ಮೈ ಬಿಸಿಯಾಗಿತ್ತು.

"ನಿನ್ನ ಮಕ್ಕಳಾ? ನಾನು ನೋಡಿಲ್ಲ ತಾಯಿ. ನನಗೆ ನನ್ನ ಮೈಯೇ ಭಾರ. ಹಸಿದಿದ್ದರೆ ಒಂದು ಹನಿ ತಗೊಂಡು ಹೋಗು," ಎಂದಿತು ಇಲಿ.

ನುಚ್ಚಿ ಒಂದು ಹನಿ ಕುಡಿದಳು. ಆ ಹನಿಯೊಳಗಿಂದ ಯಾರೋ ಮಾತಾಡಿದರು.

"ಅಕ್ಕಾ, ಇಳಿಸಬೇಡ. ನನ್ನನ್ನೂ ಕರಕೊಂಡು ಹೋಗು."

ಕಣ್ಣಿಗೆ ಕಾಣದಷ್ಟು ಚಿಕ್ಕದು, ದುಂಡಗಿನ ಒಂದು ಜೀವಿ. ನುಚ್ಚಿಯ ಹೊಟ್ಟೆಗೆ ಬಂದದ್ದೇ ಅದಕ್ಕೊಂದು ಉದ್ದ ಬಾಲ ಮೂಡಿತು, ಚಾಟಿಯ ಹಾಗೆ. ಅದು ಖುಷಿಯಿಂದ ಬಾಲ ಬೀಸಿ ಈಜಾಡಿತು.

"ಯಾರು ನೀನು?"

"ನನಗೆ ಹೆಸರಿಲ್ಲ. ಮನೆಯೂ ಇಲ್ಲ. ಇಲಿಗೆ ವಯಸ್ಸಾಯಿತು, ಅದು ಇನ್ನು ಬಹಳ ದಿನ ಇರಲ್ಲ. ಎಲ್ಲಾದರೂ ಒಂದು ಬೆಚ್ಚಗಿನ ಜಾಗಕ್ಕೆ ಬಿಡು. ನಿನಗೇನೂ ಭಾರವಾಗಲ್ಲ."

ಮನೆಯಿಲ್ಲದವರ ಸಂಕಟ ನುಚ್ಚಿಗೆ ಗೊತ್ತಿತ್ತು. ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಚಾಟಿಬಾಲನನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಹುಡುಕುತ್ತ ಹೋದಳು. ಬಾಲ ಬೀಸುತ್ತ ಬೀಸುತ್ತ ಒಬ್ಬನಾಗಿದ್ದ ಅವನು ಬಹಳ ಮಂದಿಯಾದನು.

ಹುಡುಕುತ್ತ ಹುಡುಕುತ್ತ ಅವಳು ಮತ್ತೆ ಮಾಳವ್ವನ ಮನೆಯ ಬಾಗಿಲಿಗೇ ಬಂದಳು. ಹೊತ್ತು ಮುಳುಗುತ್ತಿತ್ತು. ಮಾಳವ್ವ ನೀರಿಗೆ ಹೋಗಿದ್ದಳು. ಸಂಕಿ ಒಳಗಿಂದ ಪಿಸುಮಾತಿನಲ್ಲಿ ಕರೆದಳು.

"ನುಚ್ಚೀ! ಇಲ್ಲಿ ಬಾ, ಇಲ್ಲಿ ನೋಡು."

ತಾನು ಮಲಗುವ ಚಾಪೆಯ ಪಕ್ಕ ಹುಡುಗಿ ಗೋಡೆಯನ್ನು ಕಡ್ಡಿಯಿಂದ ಕೆರೆದು ಒಂದು ಬಿರುಕು ಮಾಡಿದ್ದಳು.

"ಅವ್ವನಿಗೆ ಹೇಳಿಲ್ಲ. ಚಾಪೆ ಅಡ್ಡ ಇಟ್ಟಿದ್ದೆ. ನೀನು ಇಲ್ಲಿ ಕೂತು ಕೇಳು. ನಾನು ದಿನಾ ಕೇಳ್ತಿದ್ದೆ, ನಿನ್ನ ಬದಲಿಗೆ."

ನುಚ್ಚಿ ಬಿರುಕಿನಲ್ಲಿ ಇಳಿದು ಕೇಳಿದಳು. ಏನೂ ಇಲ್ಲ. ಅವಳು ಹೊರಗೆ ಬಂದಾಗ ಸಂಕಿ ಅವ್ವನ ಹಾಗೆಯೇ ತೋಳು ಚಾಚಿ ಕೂತಿದ್ದಳು.

"ಹಸಿವಾ? ತಗೋ. ನನಗೆ ನೋವಾಗಲ್ಲ."

ನುಚ್ಚಿ ಒಂದು ಹನಿ ಕುಡಿದಳು. ಕುಡಿಯುವಾಗ ಚಾಟಿಬಾಲನ ಮಂದಿ ಅವಳ ಬಾಯಿಂದ ಸಂಕಿಯ ಮೈಗೆ ಇಳಿದರು. ಒಳಗೆ ಹೋಗುವ ಮುಂಚೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ, ಎಲ್ಲರೂ ಬಾಲ ಬಿಟ್ಟು ಹೋದರು.

ಬಹಳ ದಿನ ಏನೂ ಆಗಲಿಲ್ಲ. ಆಮೇಲೆ ಸಂಕಿಗೆ ಜ್ವರ ಬಂತು. ಬಂದದ್ದು ಹೋಗಲಿಲ್ಲ. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಊದಿಕೊಂಡಿತು. ಮುಖದ ಬಣ್ಣ ಕಪ್ಪಿಗೆ ತಿರುಗಿತು. ಹುಡುಗಿ ಗೋಡೆಗೆ ಕಿವಿ ಹಚ್ಚುವುದನ್ನು ಬಿಟ್ಟಳು. ನಗುವುದನ್ನು ಬಿಟ್ಟಳು.

ಮಾಳವ್ವ ಎದೆ ಬಡಿದುಕೊಂಡಳು. "ಆಣೆ ತಟ್ಟಿತು! ಮಗಳ ತಲೆ ಮುಟ್ಟಿ ಆಡಿದ ಮಾತಿಗೆ ತಪ್ಪಿದೆ. ನನ್ನ ಮಗುವಿಗೆ ತಟ್ಟಿತು!"

ಅವಳು ಗುದ್ದಲಿ ತಂದಳು. ಗೋಡೆಯನ್ನು ಒಡೆದಳು. ಮೇಲಿಂದ ಕೆಳಗೆ, ಈ ಮೂಲೆಯಿಂದ ಆ ಮೂಲೆಗೆ. ಒಂದೊಂದು ಹೆಂಟೆಯನ್ನೂ ಅಂಗೈಯಲ್ಲಿ ಪುಡಿ ಮಾಡಿ ಊದಿದಳು.

"ನುಚ್ಚೀ, ಬಾರವ್ವ! ಒಡೆದಿದ್ದೀನಿ! ನೋಡು, ನಿನ್ನ ಮಕ್ಕಳನ್ನ ತಗೋ, ನನ್ನ ಮಗಳನ್ನ ಬಿಡು!"

ನುಚ್ಚಿ ಬಂದಳು. ಮಾಳವ್ವನ ಅಂಗೈಯಲ್ಲಿ ಅವಳ ಮೊಟ್ಟೆಗಳಿದ್ದವು. ಎಲ್ಲವೂ ಒಡೆದಿದ್ದವು. ಬರೀ ಸಿಪ್ಪೆ.

"ಎಲ್ಲಿ ಹೋದರು?"

ಬಿದ್ದ ಮಣ್ಣಿನ ರಾಶಿಯಿಂದ ಗೋಡೆ ಮಾತಾಡಿತು. "ಅವರು ಮೊದಲ ಮಳೆಗಾಲದಲ್ಲೇ ಹೊರಟುಹೋದರು. ರೆಕ್ಕೆ ಬಲಿತವು. ಬಿರುಕಿನ ಬಾಯಿಗೆ ಬಂದು ಕಾದರು. ಯಾರಾದರೂ ಕರೀತಾರೇನೋ ಅಂತ. ಯಾರೂ ಕರೀಲಿಲ್ಲ. ಒಬ್ಬೊಬ್ಬರಾಗಿ ಹೊರಟುಹೋದರು."

"ನಾನು ಇಲ್ಲೇ ಇದ್ದೆ! ಒಂದೇ ಗೋಡೆಯ ಮೇಲೆ ಇದ್ದೆ! ನನಗೇಕೆ ಹೇಳಲಿಲ್ಲ?"

"ನೀನು ಕೇಳ್ತಾ ಕೂತಿದ್ದೆ," ಎಂದಿತು ಗೋಡೆ. "ಮಾತಾಡಿದರೆ ನಿನಗೆ ಅಡ್ಡಿಯಾಗುತ್ತೆ ಅಂತ ಸುಮ್ಮನಿದ್ದೆ."

ನುಚ್ಚಿ ಕರೆಯಲು ಬಾಯಿ ತೆರೆದಳು. ಹಾಡು ಬರಲಿಲ್ಲ. ರೆಕ್ಕೆ ಬಡಿದಳು. ಸದ್ದಾಗಲಿಲ್ಲ. ಅಷ್ಟು ಕಾಲ ಸುಮ್ಮನಿದ್ದು, ಹಾಡೇ ಅವಳನ್ನು ಬಿಟ್ಟುಹೋಗಿತ್ತು. ಉಳಿದದ್ದು ಕಿವಿಯ ಹತ್ತಿರ ಬಂದು ಆಡುವ ಪಿಸುಮಾತು ಮಾತ್ರ.

ಒಡೆದ ಗೋಡೆಯಾಚೆ ಸಂಕಿ ನರಳಿದಳು. ಗೋಡೆ ಬಿದ್ದರೂ ಜ್ವರ ಇಳಿದಿರಲಿಲ್ಲ.

ನುಚ್ಚಿ ಅವಳ ತೋಳಿನ ಮೇಲೆ ಇಳಿದು ಪಿಸುಗುಟ್ಟಿದಳು. "ಚಾಟಿಬಾಲ, ಬಾ ಹೊರಗೆ. ಬೇರೆ ಕಡೆ ಬಿಡ್ತೀನಿ."

"ಬರೋದು ಹೇಗೆ ಅಕ್ಕಾ? ಬಾಲ ಬಾಗಿಲಲ್ಲೇ ಬಿಟ್ಟೆ. ಈಗ ನಾವು ಸಾವಿರ ಸಾವಿರ ಇದ್ದೀವಿ. ಇಲ್ಲಿ ಬೆಚ್ಚಗಿದೆ."

ಆಗ ನುಚ್ಚಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಸುಮ್ಮನಿದ್ದರೆ ಮಾಳವ್ವ ಆಣೆಯ ತಪ್ಪೆಂದೇ ನಂಬಿ ಉಳಿದ ಗೋಡೆಗಳನ್ನೂ ಒಡೆಯುತ್ತಾಳೆ. ಹುಡುಗಿ ಉಳಿಯುವುದಿಲ್ಲ. ಹೇಳಿದರೆ ಇನ್ನು ಯಾವ ಮನೆಯಲ್ಲೂ ತನ್ನನ್ನು ಸೇರಿಸುವುದಿಲ್ಲ. ಗೋಡೆಯಲ್ಲೇ ಹುಟ್ಟಿದ ಅವಳ ಮಕ್ಕಳು ಇನ್ನಾವುದೋ ಮನೆಯ ಬಿರುಕಿಗೇ ಹೋಗಿ ಸೇರಿರಬೇಕಲ್ಲವೇ?

ಅವಳು ಮಾಳವ್ವನ ಕಿವಿಯ ಬಳಿ ಕೂತಳು.

"ಅವ್ವಾ, ಗುದ್ದಲಿ ಕೆಳಗಿಡು. ಇದು ಆಣೆಯಲ್ಲ. ನನ್ನ ಬಾಯಿಂದ ಇವಳ ಮೈಗೆ ಇಳಿದದ್ದು. ಗೋಡೆ ಒಡೆದರೆ ಹೋಗಲ್ಲ. ಮದ್ದು ಬೇಕು."

ಮಾಳವ್ವನ ಕೈ ಮೇಲೆದ್ದಿತು. ಒಂದು ಏಟು ಸಾಕಿತ್ತು. ನುಚ್ಚಿ ಅಲುಗಲಿಲ್ಲ. ಕೈ ಹಾಗೇ ಇಳಿಯಿತು. ಮಾಳವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಓಡಿದಳು.

"ಹೊಳೆಯವ್ವ, ಮದ್ದು ಬಲ್ಲವರು ಎಲ್ಲಿದ್ದಾರೆ?"

"ನನ್ನ ಆಚೆ ದಂಡೆಯಲ್ಲಿ. ಅಳಬೇಡ, ನಡಿ. ನಾನು ತಗ್ಗಿ ದಾರಿ ಬಿಡ್ತೀನಿ," ಎಂದಿತು ಹೊಳೆ. ಅದು ಆವತ್ತು ಮೊಣಕಾಲಿಗಿಂತ ಮೇಲೆ ಬರಲಿಲ್ಲ.

ಆಚೆ ದಂಡೆಯ ಮದ್ದು ಬಲು ಕಹಿ. ಒಂದೆರಡು ದಿನಕ್ಕೆ ಮುಗಿಯುವ ಮದ್ದೂ ಅಲ್ಲ. ಸಂಕಿ ಉಗುಳಿದಳು, ಬೈದಳು, ಅತ್ತಳು. ಅವ್ವ ಮೂಗು ಹಿಡಿದು ಕುಡಿಸಿದಳು. ಮೆಲ್ಲಗೆ ಜ್ವರ ಇಳಿಯಿತು. ಮೆಲ್ಲಗೆ ಹೊಟ್ಟೆ ಇಳಿಯಿತು. ಒಂದು ಬೆಳಿಗ್ಗೆ ಹುಡುಗಿ ರೊಟ್ಟಿ ಕೇಳಿದಳು. ಮಾಳವ್ವ ಒಲೆಯ ಮುಂದೆ ಕೂತು ಬಹಳ ಹೊತ್ತು ಅತ್ತಳು.

ಅವರು ಹಿಂತಿರುಗಿ ಬಂದು ಮತ್ತೆ ಗೋಡೆ ಎತ್ತಿದರು. ಮುಸ್ಸಂಜೆ ಮಾಳವ್ವ ಹೊಸ ಗೋಡೆಗೆ ಕೊನೆಯ ಹಿಡಿ ಮಣ್ಣು ಮೆತ್ತುವಾಗ ನುಚ್ಚಿ ಬಂದು ಗೋಡೆಯ ಅಂಚಿನಲ್ಲಿ ಕೂತಳು.

"ಬಂದೆಯಾ," ಎಂದಳು ಮಾಳವ್ವ.

"ಬಂದೆ ಅವ್ವಾ. ಹುಡುಗಿ ಹೇಗಿದ್ದಾಳೆ?"

"ಮೂರು ರೊಟ್ಟಿ ತಿಂತಾಳೆ." ಮಾಳವ್ವ ಮಣ್ಣು ಸವರುತ್ತಲೇ ಇದ್ದಳು. "ನಿನ್ನ ಮಕ್ಕಳಿಗೆ ನಾನು ಮಾಡಿದ್ದು ತಪ್ಪು. ಸಾಯೋವರೆಗೂ ತಪ್ಪೇ. ಆದರೂ ಹೇಳ್ತೀನಿ ಕೇಳು. ಇನ್ನು ಬಿರುಕು ಕಂಡಲ್ಲೆಲ್ಲ ನಾನು ಮುಚ್ತೀನಿ. ನೀನು ಬರಬೇಡ."

"ಅವರು ಯಾವುದೋ ಬಿರುಕಿನಲ್ಲಿ ಇರಬೇಕವ್ವ. ಬಾರದೆ ಹೇಗಿರಲಿ?"

"ಬಂದರೆ ಹೊಡೀತೀನಿ."

"ಹೊಡಿ. ನೀನು ತಾಯಿ."

ಮಾಳವ್ವ ಮತ್ತೆ ಮಣ್ಣು ಸವರಿದಳು. ಬೆಳಕು ಇಳಿಯಿತು. ಒಳಗಿಂದ ಸಂಕಿ ಕೂಗಿದಳು.

"ಅವ್ವಾ, ನುಚ್ಚಿ ಹೋಯ್ತಾ?"

ಮಾಳವ್ವ ಗೋಡೆಯ ಅಂಚನ್ನು ನೋಡಿದಳು. ಮಬ್ಬಿನಲ್ಲಿ ಏನೂ ಕಾಣಲಿಲ್ಲ.

"ಗೊತ್ತಿಲ್ಲ ಮಗಾ. ಅದಕ್ಕೆ ಸದ್ದಿಲ್ಲವಲ್ಲ."

ನುಚ್ಚಿಯ ಮೊಮ್ಮಕ್ಕಳ ಮೊಮ್ಮಕ್ಕಳು ಲೋಕದ ತುಂಬ ಹರಡಿದರು. ಚಾಟಿಬಾಲನ ಹಾಗೆ ಇನ್ನೂ ಕೆಲವು ಕಾಣದ ಪಯಣಿಗರು ಅವರ ಹೊಟ್ಟೆ ಸೇರಿಕೊಂಡರು. ಕೆಲವು ನಾಡುಗಳಲ್ಲಿ ಜನ ಸಂಕಿಗೆ ಬಂದ ಕಾಯಿಲೆಯನ್ನು ಕಪ್ಪು ಜ್ವರ ಎಂದರು, ಅದಕ್ಕೆ ಮದ್ದನ್ನೂ ಕಂಡುಕೊಂಡರು. ಮರಳುನೊಣಕ್ಕೆ ಇದು ಯಾವುದೂ ಗೊತ್ತಿಲ್ಲ. ಅದು ಹುಡುಕುತ್ತಿರುತ್ತದೆ.

ಅದಕ್ಕೇ ಇಂದಿಗೂ ಗಾಳಿ ನಿಂತ ಮುಸ್ಸಂಜೆಯಲ್ಲಿ ಅಮ್ಮ ಸಣ್ಣ ತೂತುಗಳ ಸೊಳ್ಳೆಪರದೆ ಎಳೆದು ಗೋಡೆಯ ಬಿರುಕಿಗೆ ಮಣ್ಣು ಮೆತ್ತುವಾಗ, ಪಕ್ಕದಲ್ಲೇ ನುಚ್ಚಿನಷ್ಟು ಜೀವವೊಂದು ಸದ್ದಿಲ್ಲದೆ ನೆಗೆದು ಬಂದು, ಹೊರಟೇಬಿಟ್ಟೆ ಎನ್ನುವ ಹಾಗೆ ಎರಡೂ ರೆಕ್ಕೆ ಮೇಲೆತ್ತಿ, ಹೊರಡದೆ, ಇನ್ನೊಂದು ಗಳಿಗೆ ಕೇಳುತ್ತ ಕೂತಿರುತ್ತದೆ.